ಬೆಟ್ಟ ಗಳಿಸಿದ್ದು, ಕೆರೆ ಉಳಿಸಿದ್ದು

ರಜೆ ಬಂತೆಂದರೆ ಮನೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಮಕ್ಕಳಿಗೆ ಹತ್ತಲು ಬೆಟ್ಟ ಬೇಕು, ನೋಡಲು ನೀರು ಬೇಕು, ಸಾಧ್ಯವಾದರೆ ಒಂದು ರೈಲೂ ಬೇಕು. ಅಜ್ಜ-ಅಜ್ಜಿಯರಿಗೆ ಮಂಡಿಗೆ ತ್ರಾಸ ಕೊಡದ ದಾರಿ, ಕೂರಲು ನೆರಳು, ಹೊತ್ತಿಗೆ ಸರಿಯಾಗಿ ಒಂದು ಲೋಟ ಬಿಸಿ ಕಾಫಿ ಸಿಕ್ಕರೆ ಸಾಕು. ಇಬ್ಬರ ನಡುವೆ ಸಿಕ್ಕಿಕೊಂಡ ಅಪ್ಪ-ಅಮ್ಮ ಮೊಬೈಲ್ ಹಿಡಿದು ಹುಡುಕುತ್ತಲೇ ಇರುತ್ತಾರೆ. ಅವರ ಕಷ್ಟ ಸ್ವಲ್ಪ ಕಡಿಮೆಯಾಗಲಿ ಎಂದು ನಾನೊಂದು ಜಾಗ ಹೇಳುತ್ತೇನೆ: ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲು ಮತ್ತು ಅದರ ಪೂರ್ವ ತಪ್ಪಲಿನ ಕೆರೆಗಳು.

"ಚಿಕ್ಕಮಗಳೂರು ಯಾರಿಗೆ ಗೊತ್ತಿಲ್ಲ?" ಎನ್ನುತ್ತೀರಿ. ನಿಜ. ಗಿರಿ ಗೊತ್ತು, ಕಾಫಿ ತೋಟ ಗೊತ್ತು. ಆದರೆ ಹೆಚ್ಚಿನವರು ಮುಳ್ಳಯ್ಯನಗಿರಿಯ ತುದಿಯಲ್ಲಿ ಫೋಟೋ ತೆಗೆಸಿಕೊಂಡು, ಇಳಿಯುವಾಗ ವಾಹನಗಳ ಸಾಲಿನಲ್ಲಿ ಸಿಕ್ಕಿ, ಸುಸ್ತಾಗಿ ಊರು ಸೇರುತ್ತಾರೆ. ಬೆಟ್ಟದ ಮೇಲೆ ಸುರಿದ ಮಳೆ ಮುಂದೆ ಎಲ್ಲಿಗೆ ಹೋಯಿತು ಎಂದು ಅದರ ಬೆನ್ನು ಹಿಡಿದು ಹೋಗುವವರು ಕಡಿಮೆ. ಹಾಗೆ ಹೋದರೆ ಈ ಪ್ರವಾಸಕ್ಕೆ ಬೇರೆಯದೇ ರುಚಿ ಬರುತ್ತದೆ. ಅದಕ್ಕೆ ಮೂರು ದಿನ ಸಾಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ನನಗೆ ಎಲ್ಲವೂ ಜಮಾ-ಖರ್ಚಿನ ಹಾಗೆಯೇ ಕಾಣುತ್ತದೆ. ಮಳೆಯೂ ಅಷ್ಟೇ. ವರಮಾನ ಬರುವುದು ಮೂರು-ನಾಲ್ಕು ತಿಂಗಳು, ಖರ್ಚು ಹನ್ನೆರಡು ತಿಂಗಳು. ನಡುವೆ ಉಳಿತಾಯ ಇಲ್ಲದಿದ್ದರೆ ಸಂಸಾರ ನಡೆಯುವುದಿಲ್ಲ. ಗಳಿಕೆ, ಉಳಿಕೆ, ಬಳಕೆ ಈ ಮೂರನ್ನೂ ಒಂದೇ ಪ್ರವಾಸದಲ್ಲಿ ಕಣ್ಣಾರೆ ನೋಡಬಹುದಾದ ಜಾಗ ಇದು.

ಮೊದಲ ದಿನ: ಗಳಿಸುವ ಬೆಟ್ಟ

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಇದು ಚಂದ್ರದ್ರೋಣ ಅಥವಾ ಬಾಬಾಬುಡನ್ ಸಾಲಿಗೆ ಸೇರಿದ್ದು. ಈ ಇಡೀ ಸಾಲು ಕುದುರೆಯ ಲಾಳದ ಆಕಾರದಲ್ಲಿ ಬಾಗಿ ನಿಂತಿದೆ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ಗಾಳಿಯ ಬಿಸಿ ಸುಮಾರು ಆರು ಡಿಗ್ರಿ ಕಡಿಮೆಯಾಗುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಇಲ್ಲಿ ಅದನ್ನು ಚರ್ಮದಲ್ಲೇ ಓದಬಹುದು. ಚಿಕ್ಕಮಗಳೂರಿನಲ್ಲಿ ತೆಗೆದಿಟ್ಟ ಸ್ವೆಟರನ್ನು ಗಿರಿಯ ಮೇಲೆ ಮತ್ತೆ ಹಾಕಿಕೊಳ್ಳಬೇಕಾಗುತ್ತದೆ.

ತುದಿ ಮುಟ್ಟಲು ಕೆಲವು ನೂರು ಮೆಟ್ಟಿಲು ಹತ್ತಬೇಕು. ಅದು ಮಕ್ಕಳ ಪಾಲು. ಮಂಡಿನೋವಿನ ಹಿರಿಯರು ಕೆಳಗೆ ಸೀತಾಳಯ್ಯನಗಿರಿಯ ದೇವಸ್ಥಾನದ ಬಳಿ ಕೂತರೂ ಏನೂ ಕಳೆದುಕೊಳ್ಳುವುದಿಲ್ಲ. ಮೋಡ ಬರುವುದು, ಬೆಟ್ಟವನ್ನು ನುಂಗುವುದು, ಮತ್ತೆ ಉಗುಳುವುದು ಎಲ್ಲವೂ ಅಲ್ಲಿಂದಲೇ ಕಾಣುತ್ತದೆ.

ಆ ಮೋಡಗಳು ಎಲ್ಲಿಂದ ಬಂದವು? ಅರಬ್ಬಿ ಸಮುದ್ರದಿಂದ. ಪಶ್ಚಿಮದಿಂದ ಬಂದ ಮೋಡಗಳು ಬೆಟ್ಟಕ್ಕೆ ಅಡ್ಡ ಸಿಕ್ಕಿ, ಮೇಲೇರಿ, ತಣ್ಣಗಾಗಿ ಮಳೆ ಸುರಿಸುತ್ತವೆ. ಬೆಟ್ಟ ದಾಟುವ ಹೊತ್ತಿಗೆ ಅವುಗಳ ಜೇಬು ಬಹುತೇಕ ಖಾಲಿ. ಹಾಗಾಗಿ ಬೆಟ್ಟದ ಒಂದು ಕಡೆ ಕಾಫಿ, ಏಲಕ್ಕಿ ಬೆಳೆದರೆ, ಅಷ್ಟೇನೂ ದೂರವಿಲ್ಲದ ಕಡೂರಿನಲ್ಲಿ ರೈತರು ಆಕಾಶ ನೋಡುತ್ತಾ ಕೂರುತ್ತಾರೆ.

ಗಿರಿಯ ಮೇಲೆ ಮರ ಕಡಿಮೆ, ಹುಲ್ಲು ಹೆಚ್ಚು ಎಂದು ಮಕ್ಕಳು ಕೇಳಬಹುದು. ಆ ಹುಲ್ಲುಗಾವಲು ಬರೀ ಬಯಲೆಂದು ತಿಳಿಯಬೇಡಿ. ಹುಲ್ಲು ಮತ್ತು ಕಣಿವೆಯ ಮಡಿಲಿನಲ್ಲಿ ಅವಿತ ಶೋಲಾ ಕಾಡು ಸೇರಿ ಮಳೆನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತವೆ, ಆಮೇಲೆ ಸ್ವಲ್ಪಸ್ವಲ್ಪವೇ ಹಳ್ಳಗಳಿಗೆ ಬಿಡುತ್ತವೆ. ಮಳೆ ನಿಂತ ಎಷ್ಟೋ ದಿನಗಳ ಮೇಲೂ ಹಳ್ಳ ಹರಿಯುವುದು ಇದರಿಂದಲೇ. ಈ ಹುಲ್ಲಿನ ನಡುವೆಯೇ ಹಲವು ವರ್ಷಗಳಿಗೊಮ್ಮೆ ನೀಲಿ ಕುರಿಂಜಿ ಅರಳುತ್ತದೆ. 2022ರಲ್ಲಿ ಗಿರಿಯ ಇಳಿಜಾರುಗಳು ನೀಲಿಯಾದದ್ದನ್ನು ನೋಡಲು ಜನ ಜಾತ್ರೆಯಂತೆ ಬಂದಿದ್ದರು. ಹುಲ್ಲಿನ ಮೇಲೆ ಜೀಪು ಓಡಿಸಿದರೆ, ಪ್ಲಾಸ್ಟಿಕ್ ಎಸೆದರೆ ಆ ಸ್ಪಂಜಿಗೇ ಏಟು.

ಇಲ್ಲಿ ಇನ್ನೊಂದು ವಿಶೇಷವಿದೆ. ಈ ಬೆಟ್ಟಸಾಲಿನ ದಕ್ಷಿಣದಲ್ಲಿ ಹುಟ್ಟುವ ಯಗಚಿ, ಬೇಲೂರಿನ ಪಕ್ಕ ಹರಿದು, ಹೇಮಾವತಿಯನ್ನು ಸೇರಿ ಕಾವೇರಿಯಾಗುತ್ತದೆ. ಪೂರ್ವಕ್ಕೆ ಇಳಿಯುವ ವೇದಾ ಮತ್ತು ಅವತಿ ಎಂಬ ಹೊಳೆಗಳ ನೀರು ತುಂಗಭದ್ರೆಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳು ನಾಲ್ಕು ಹೆಜ್ಜೆ ಆಚೀಚೆ ಬಿದ್ದರೆ ಒಂದು ಕಾವೇರಿ, ಇನ್ನೊಂದು ಕೃಷ್ಣಾ ಆಗಬಹುದು! ಭೂಪಟ ಬಿಡಿಸಿ ಮಕ್ಕಳಿಗೆ ತೋರಿಸಿ. ತರಗತಿಯಲ್ಲಿ ಬೇಸರ ತರುವ ಪಾಠ ಇಲ್ಲಿ ಕಥೆಯಾಗುತ್ತದೆ.

ಸಂಜೆಯ ಕಾಫಿ ಕುಡಿಯುವಾಗ ಬಾಬಾಬುಡನ್ ಅವರ ಕಥೆ ಹೇಳಲು ಮರೆಯಬೇಡಿ. ಹದಿನೇಳನೆಯ ಶತಮಾನದಲ್ಲಿ ಅವರು ಯೆಮನ್ ದೇಶದ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬುದು ಐತಿಹ್ಯ. ಏಳೇ ಬೀಜದ ಠೇವಣಿ, ಇವತ್ತಿಗೂ ಬಡ್ಡಿ ಬರುತ್ತಲೇ ಇದೆ.

ಎರಡನೆಯ ದಿನ: ಉಳಿಸುವ ಕೆರೆ

ಬೆಳಿಗ್ಗೆ ಚಿಕ್ಕಮಗಳೂರಿನ ಹತ್ತಿರವೇ ಇರುವ ಹಿರೇಕೊಳಲೆ ಕೆರೆಗೆ ಹೋಗಿ. ಸುತ್ತ ಬೆಟ್ಟ, ನಡುವೆ ನೀರು. ಗಾಳಿ ಇಲ್ಲದ ಹೊತ್ತಿನಲ್ಲಿ ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ನಿಂತಿರುತ್ತದೆ. ಈ ಕೆರೆಯ ನೀರು ಚಿಕ್ಕಮಗಳೂರಿನ ನಲ್ಲಿಗಳಿಗೂ ಹೋಗುತ್ತದೆ. ಹಾಗಾಗಿ ಇಲ್ಲಿ ಕಾಲು ತೊಳೆಯುವುದು, ತಿಂಡಿ ಪೊಟ್ಟಣ ಎಸೆಯುವುದು ಯಾರದೋ ಮನೆಯ ಕೊಡಕ್ಕೆ ಕೈ ಅದ್ದಿದಂತೆ.

ಅಲ್ಲಿಂದ ಮಕ್ಕಳ ಮೂರನೆಯ ಬೇಡಿಕೆ ಪೂರೈಸಿ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂದಿದೆ. ಕಡೂರಿನ ಕಡೆಗೆ ಹೋಗುವ ಈ ದಾರಿಯಲ್ಲಿ ಸಖರಾಯಪಟ್ಟಣ ಸಿಗುತ್ತದೆ. ಗಾಡಿಗಳು ಕಡಿಮೆ, ಆದ್ದರಿಂದ ಸಮಯ ವಿಚಾರಿಸಿಯೇ ಹೊರಡಿ. ಕಿಟಕಿಯ ಪಕ್ಕ ಕೂತರೆ ಕಾಫಿ ಸೀಮೆ ಹೋಗಿ ತೆಂಗಿನ ಸೀಮೆ ಬರುವುದು ಕಾಣುತ್ತದೆ.

ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿ ಅಯ್ಯನಕೆರೆ ಇದೆ. ರುಕ್ಮಾಂಗದರಾಯ ಕಟ್ಟಿಸಿದ್ದೆಂದು ಹೇಳುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ದುರಸ್ತಿಯಾಯಿತಂತೆ. ದುರಸ್ತಿಯೇ ಎಂಟು ನೂರು ವರ್ಷಗಳ ಹಿಂದಿನದು ಎಂದಮೇಲೆ ಕೆರೆ ಎಷ್ಟು ಹಳೆಯದೆಂದು ನೀವೇ ಊಹಿಸಿ. ಗಿರಿಯಿಂದ ಇಳಿದ ವೇದಾ ಹೊಳೆಯನ್ನು ಇಲ್ಲಿ ಏರಿ ಕಟ್ಟಿ ನಿಲ್ಲಿಸಿದ್ದಾರೆ. ಮುಂದೆ ಬಯಲುಸೀಮೆ, ಅಲ್ಲಿ ಮಳೆ ಕಡಿಮೆ. ಬೆಟ್ಟ ಮುಗಿದು ಬಯಲು ಶುರುವಾಗುವ ಜಾಗವನ್ನೇ ಹುಡುಕಿ ಕೆರೆ ಕಟ್ಟಿದ ಹಿರಿಯರ ಲೆಕ್ಕ ಎಷ್ಟು ಕರಾರುವಾಕ್ಕು ನೋಡಿ.

ಮಕ್ಕಳೇ, ಇಲ್ಲಿ ನಾಲ್ಕು ಪದ ಕಲಿಯಿರಿ. ನೀರನ್ನು ತಡೆದ ಉದ್ದನೆಯ ದಿಬ್ಬ 'ಏರಿ'. ಗದ್ದೆಗೆ ನೀರು ಬಿಡುವ ಬಾಗಿಲು 'ತೂಬು'. ತುಂಬಿ ಹೆಚ್ಚಾದ ನೀರು ಏರಿಗೆ ಅಪಾಯ ಮಾಡದೆ ಹೊರಗೆ ಹೋಗುವ ಜಾಗ 'ಕೋಡಿ'. ಯಾರ ಹೊಲಕ್ಕೆ ಯಾವತ್ತು ನೀರು ಎಂದು ನೋಡಿಕೊಳ್ಳುವವನು 'ನೀರಗಂಟಿ'. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಏರಿ ತಿಜೋರಿ, ತೂಬು ಕೌಂಟರು, ನೀರಗಂಟಿ ಕ್ಯಾಷಿಯರ್.

ಈ ಕೆರೆಯ ಏರಿ ಒಡೆಯುವ ಹಂತಕ್ಕೆ ಬಂದಾಗ ಊರ ಕಾವಲಿನ ತೋಟಿಯೊಬ್ಬ ತನ್ನ ಪ್ರಾಣ ಕೊಟ್ಟು ಅದನ್ನು ಉಳಿಸಿದನೆಂಬ ಐತಿಹ್ಯ ಈ ಸೀಮೆಯಲ್ಲಿದೆ. ಕಟ್ಟಿಸಿದ ರಾಜನ ಜೊತೆಗೆ ಕಾಯ್ದ ತೋಟಿಯನ್ನೂ ಜನ ನೆನಪಿಟ್ಟುಕೊಂಡಿದ್ದಾರೆ ಎಂಬುದು ನನಗೆ ಇಷ್ಟವಾದ ಸಂಗತಿ.

ನನ್ನ ಮೊಮ್ಮಗ ಐದನೆಯ ತರಗತಿಯವನು. ಅಯ್ಯನಕೆರೆಯ ಏರಿಯ ಮೇಲೆ ನಿಂತು, "ತಾತ, ಇಷ್ಟೊಂದು ನೀರು ಯಾರ ಅಕೌಂಟಿನಲ್ಲಿದೆ?" ಎಂದು ಕೇಳಿದ. "ಜಂಟಿ ಖಾತೆ ಕಣೋ. ಕೆಳಗಿನ ಊರುಗಳ ರೈತರು, ಈ ಕೊಕ್ಕರೆಗಳು, ಮೀನುಗಳು, ಮುಂದೆ ಹುಟ್ಟುವ ಮಕ್ಕಳು ಎಲ್ಲರ ಹೆಸರೂ ಇದೆ" ಎಂದೆ. "ಹಾಗಾದರೆ ಒಬ್ಬರೇ ಎಲ್ಲಾ ತೆಗೆಯೋ ಹಾಗಿಲ್ಲ" ಎಂದ. ಬಿ.ಕಾಂ. ಓದಿದ ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಸಮಯವಿದ್ದರೆ ಕಡೂರು ತಾಲ್ಲೂಕಿನ ಮದಗದ ಕೆರೆಯನ್ನೂ ನೋಡಿ. ಅವತಿ ಹೊಳೆಯ ನೀರು ನಿಲ್ಲುವುದು ಅಲ್ಲಿ. ಮದಗದ ಕೆರೆ ಎಂದೊಡನೆ ಅಜ್ಜಿಯರಿಗೆ ಮಳೆಯ ಜನಪದ ಹಾಡೊಂದು ನೆನಪಾಗುತ್ತದೆ. ಹಾವೇರಿ ಜಿಲ್ಲೆಯಲ್ಲೂ ಒಂದು ಮದಗದ ಕೆರೆ ಇದೆ, ಹಾಡು ತಮ್ಮದೆಂದು ಎರಡು ಕಡೆಯವರೂ ಹೇಳಿಕೊಳ್ಳುತ್ತಾರೆ. ಜಗಳ ನಮಗೆ ಬೇಡ. ಅಜ್ಜಿಯಿಂದ ಹಾಡಿಸಿ, ಕೇಳಿ, ಸಾಕು.

ಮೂರನೆಯ ದಿನ: ಮಾರಿ ಕಣಿವೆ

ಕಡೂರಿನ ಬಳಿ ವೇದಾ, ಅವತಿ ಎರಡೂ ಸೇರಿ ವೇದಾವತಿ ಆಗುತ್ತವೆ. ಆ ನದಿಯ ದಿಕ್ಕಿನಲ್ಲಿ ಹೊಸದುರ್ಗದ ಮೇಲೆ ಹಿರಿಯೂರು ತಾಲ್ಲೂಕಿಗೆ ಬಂದರೆ ಎರಡು ಗುಡ್ಡಗಳ ನಡುವೆ ಕಟ್ಟಿದ ವಾಣಿವಿಲಾಸ ಸಾಗರ ಸಿಗುತ್ತದೆ. ಊರಿನವರ ಬಾಯಲ್ಲಿ ಅದು ಇಂದಿಗೂ ಮಾರಿ ಕಣಿವೆ. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಮಗ ಚಿಕ್ಕವನಾಗಿದ್ದಾಗ ರಾಜ್ಯಭಾರ ನೋಡಿಕೊಂಡ ಮೈಸೂರಿನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕೆ. ಕೃಷ್ಣರಾಜಸಾಗರಕ್ಕಿಂತ ಹಳೆಯ ಅಣೆಕಟ್ಟು ಇದು.

ಇದರಲ್ಲಿ ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ಟಿವಿಯಲ್ಲಿ ದಿನಾ ಕೇಳುವ ಈ ಟಿಎಂಸಿ ಎಂದರೇನು? ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,800 ಕೋಟಿ ಲೀಟರ್. ನಿಮ್ಮ ಮನೆಯ ಮೇಲಿನ ಕಪ್ಪು ಟ್ಯಾಂಕು ಸಾವಿರ ಲೀಟರಿನದಾದರೆ, ಒಂದು ಟಿಎಂಸಿಗೆ ಅಂಥ ಟ್ಯಾಂಕು ಎಷ್ಟು ಬೇಕೆಂದು ಲೆಕ್ಕ ಹಾಕಿ. ಉತ್ತರ ಸುಮಾರು 2 ಕೋಟಿ 80 ಲಕ್ಷ!

ಕೆಲಸದ ಮೇಲೆ ನಾನು ಕೆಲವು ವರ್ಷ ಹಿರಿಯೂರಿನ ಕಡೆ ಇದ್ದೆ. ಬೆಳೆಸಾಲಕ್ಕೆ ಬರುವ ರೈತರ ಮಾತು ಶುರುವಾಗುತ್ತಿದ್ದುದೇ "ಕಣಿವೆಯಲ್ಲಿ ಈಗ ಎಷ್ಟಡಿ ಐತೆ?" ಎಂಬುದರಿಂದ. ಪೂರ್ತಿ ಮಟ್ಟ 130 ಅಡಿ. ಅಡಿ ಏರಿದರೆ ಅವರ ಮುಖ ಅರಳುತ್ತಿತ್ತು, ಇಳಿದರೆ ಮಾತು ಕಡಿಮೆಯಾಗುತ್ತಿತ್ತು. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಎಂದು ಹಿರಿಯರು ಹೇಳುತ್ತಿದ್ದರು. ನಾನಿನ್ನೂ ಹುಟ್ಟೇ ಇರಲಿಲ್ಲ. ನನ್ನ ಕಾಲದಲ್ಲಿ ನೋಡುತ್ತೇನೆಂಬ ಆಸೆಯೂ ಇರಲಿಲ್ಲ.

2022ರಲ್ಲಿ, 89 ವರ್ಷಗಳ ಮೇಲೆ, ಮತ್ತೆ ಕೋಡಿ ಬಿತ್ತು. ಆ ವರ್ಷ ಮಳೆ ಚೆನ್ನಾಗಿ ಆಯಿತು, ಭದ್ರಾ ನದಿಯಿಂದ ಎತ್ತಿ ತಂದ ನೀರೂ ಸೇರಿತ್ತು. ನಾನೂ ನನ್ನ ಹೆಂಡತಿಯೂ ಹೋಗಿ ನೋಡಿದೆವು. ಎಂಬತ್ತು ದಾಟಿದವರನ್ನು ಮಕ್ಕಳು ತೋಳು ಹಿಡಿದು ಕರೆತಂದಿದ್ದರು. ಹೆಂಗಸರು ಬಾಗಿನ ತಂದಿದ್ದರು. ಒಬ್ಬ ಮುದುಕರು ನೀರನ್ನೇ ನೋಡುತ್ತಾ ಸುಮ್ಮನೆ ಕೈಮುಗಿದು ನಿಂತಿದ್ದರು. ಗಿರಿಯಲ್ಲಿ ಕುರಿಂಜಿ ಅರಳಿದ್ದೂ, ಕಣಿವೆ ಕೋಡಿ ಬಿದ್ದದ್ದೂ ಒಂದೇ ವರ್ಷ. ಮೇಲೆ ಬೆಟ್ಟ ಚೆನ್ನಾಗಿದ್ದರೆ ಕೆಳಗೆ ಬಯಲಿಗೂ ಹಬ್ಬ ಎಂದು ಅವತ್ತು ಅನಿಸಿತು.

ಯಾವಾಗ, ಹೇಗೆ?

ಬೇಸಿಗೆ ರಜೆಗಿಂತ ದಸರಾ ರಜೆ ಇದಕ್ಕೆ ವಾಸಿ. ಮಳೆ ಇಳಿದಿರುತ್ತದೆ, ಬೆಟ್ಟ ಹಸಿರಾಗಿರುತ್ತದೆ, ಒಳ್ಳೆಯ ವರ್ಷವಾದರೆ ಕೆರೆಗಳು ತುಂಬಿರುತ್ತವೆ. ಜುಲೈ-ಆಗಸ್ಟಿನಲ್ಲಿ ಗಿರಿಯ ಮೇಲೆ ಮಂಜು, ಜಾರಿಕೆ, ಕಾಲಿಗೆ ಹತ್ತುವ ಇಂಬಳ. ವಯಸ್ಸಾದವರಿಗೆ ಕಷ್ಟ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ದಾರಿಯೂ ಸಲೀಸು, ಕೋಣೆಯ ಬಾಡಿಗೆಯೂ ಹಗುರ. ಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ ಮಿತಿ ಹಾಕಿರುವುದರಿಂದ ಮೊದಲೇ ಬುಕಿಂಗ್ ವಿಚಾರಿಸಿಕೊಳ್ಳಿ.

ಹಿರಿಯರು ದಿನದ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಘಾಟಿಯ ತಿರುವಿಗೆ ಮುಂಚೆ ಹೊಟ್ಟೆ ಬಿರಿಯೆ ತಿನ್ನಬೇಡಿ. ಮಕ್ಕಳು ಕೆರೆಯಲ್ಲಿ ಇಳಿಯಬಾರದು. ಹಳೆಯ ಕೆರೆಗಳಲ್ಲಿ ದಡದಿಂದ ನಾಲ್ಕು ಹೆಜ್ಜೆಗೇ ಆಳ ಸಿಗಬಹುದು. ತಿನ್ನಲು ಮೇಲಿನ ಸೀಮೆಯಲ್ಲಿ ಅಕ್ಕಿರೊಟ್ಟಿ, ಕಡುಬು. ಕೆಳಗಿನ ಸೀಮೆಯಲ್ಲಿ ರಾಗಿಮುದ್ದೆ, ಎಳನೀರು. ನೀರಿನ ಹಾಗೆ ಊಟವೂ ಇಳಿಯುತ್ತಾ ಬದಲಾಗುತ್ತದೆ.

ಹೊರಡುವ ಮುಂಚೆ ಪ್ರತಿ ಮಗುವಿಗೂ ಒಂದು ಸಣ್ಣ ನೋಟ್‌ಬುಕ್ ಕೊಡಿ. ಮೂರು ಕಾಲಂ ಹಾಕಿಸಿ: ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಯಾರು ಬಳಸುತ್ತಾರೆ. ನೋಡಿದ ಪ್ರತಿ ಜಾಗಕ್ಕೂ ಒಂದು ಸಾಲು ಬರೆಯಲಿ. ಕೊನೆಯ ಪುಟದಲ್ಲಿ ಒಂದು ಸಾಲನ್ನು ಖಾಲಿ ಬಿಡಿಸಿ. ಊರಿಗೆ ಮರಳಿದ ಮೇಲೆ ನಿಮ್ಮದೇ ಊರಿನ ಕೆರೆಯ ಹೆಸರನ್ನು ಅಲ್ಲಿ ಬರೆಯಬೇಕು. ಹೆಸರು ಗೊತ್ತಿಲ್ಲದಿದ್ದರೆ ಅಜ್ಜನನ್ನು ಕೇಳಿ. ಅದರ ಏರಿ ಎಲ್ಲಿತ್ತು, ಕೋಡಿ ಯಾವ ಕಡೆ ಹರಿಯುತ್ತಿತ್ತು ಎಂದು ಅಜ್ಜಿಯನ್ನು ಕೇಳಿ. ಅವರಿಗೆ ನೆನಪಿರುವಾಗಲೇ ಒಂದು ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಬನ್ನಿ.