ಒಡೆದ ಪರದೆಯ ಹಿಂದೆ

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪು ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿ ನೋಡಲಾಗಿ, ಪರದೆಯ ಎಡಭಾಗದಲ್ಲಿ ಜೇಡರಬಲೆಯಂಥ ಬಿರುಕುಗಳು. ಅವುಗಳ ನಡುವೆ ಮಸಿ ಚೆಲ್ಲಿದಂತೆ ಕಪ್ಪು ಕಲೆ. ಆರು ತಿಂಗಳು ದುಡಿದು ಬರೆದ ಪ್ರಬಂಧ ಅದರಲ್ಲಿತ್ತು. ಒಪ್ಪಿಸಲು ಉಳಿದಿದ್ದುದು ಎರಡೇ ದಿನ, ಬೇರೆ ಪ್ರತಿಯಿರಲಿಲ್ಲ. “ಎಲ್ಲಾ ಹೋಯಿತು ಸಾರ್” ಎಂದು ಅವನು ಕುಸಿದು ಕುಳಿತನು.

ನಿಜವಾಗಿ ಹೋದುದೇನು? ಇದನ್ನರಿಯಲು ಆ ಕಲೆಯ ಗುಟ್ಟನ್ನು ಮೊದಲು ತಿಳಿಯಬೇಕು.

ಮುಕ್ಕಾಲು ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 3.8 ಮೀಟರು. ಆ ವೇಗವೆಲ್ಲವೂ ಕ್ಷಣಮಾತ್ರದಲ್ಲಿ ಅಡಗಬೇಕು. ಪ್ಲಾಸ್ಟಿಕ್ಕಿನ ಕವಚ ಬಾಗಿ ತಡೆದುಕೊಂಡೀತು. ಬಾಗಲಾರದ ಗಾಜು ಒಡೆಯುತ್ತದೆ.

ಈ ಪರದೆಯಲ್ಲಿರುವುದು ಎರಡು ತೆಳುವಾದ ಗಾಜಿನ ಹಾಳೆಗಳು. ಅವುಗಳ ನಡುವಣ ಅಂತರ ಮಿಲಿಮೀಟರಿನ ಕೆಲವೇ ಸಾವಿರದ ಭಾಗಗಳಷ್ಟು. ಅಲ್ಲಿ ತುಂಬಿರುವುದೇ ದ್ರವಸ್ಫಟಿಕ. ದ್ರವದಂತೆ ಹರಿಯುತ್ತದೆ, ಸ್ಫಟಿಕದಂತೆ ತನ್ನ ಅಣುಗಳನ್ನು ಸಾಲುಗೊಳಿಸುತ್ತದೆ. ಇದರ ವಿಚಿತ್ರ ವರ್ತನೆಯನ್ನು 1888ರಲ್ಲಿ ಮೊದಲು ಗಮನಿಸಿದವನು ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಪರದೆಯಲ್ಲಿರುವುದಾದರೋ ಕಡ್ಡಿಯಾಕಾರದ ಅಣುಗಳದು.

ಗಾಜುಗಳ ಹೊರಬದಿಯಲ್ಲಿ ಒಂದೊಂದು ಧ್ರುವಕ ಹಾಳೆಯಿದೆ. ಒಂದು ಬಿಟ್ಟ ಬೆಳಕನ್ನು ಇನ್ನೊಂದು ತಡೆಯುವಂತೆ ಅವನ್ನು ಅಡ್ಡಲಾಗಿ ಹೊಂದಿಸಿರುತ್ತಾರೆ. ನಡುವಣ ದ್ರವಸ್ಫಟಿಕವು ಬೆಳಕಿನ ಕಂಪನದ ದಿಕ್ಕನ್ನು ಬದಲಿಸಿ ದಾರಿ ಮಾಡಿಕೊಡುತ್ತದೆ. ಗಾಜು ಒಡೆದಲ್ಲಿ ದ್ರವ ಸರಿದು ಗಾಳಿ ನುಗ್ಗಿದರೆ ಬೆಳಕನ್ನು ತಿರುಗಿಸುವವರಿಲ್ಲ, ಆದುದರಿಂದಲೇ ಕಪ್ಪು. ಬಣ್ಣದ ಗೆರೆಗಳು ಕಾಣಿಸಿದರೆ ಗಾಜಿನ ಮೇಲಣ ಸೂಕ್ಷ್ಮ ವಿದ್ಯುತ್ ದಾರಿಗಳು ಕಡಿದಿವೆಯೆಂದು ತಿಳಿಯಬಹುದು.

ಬರೆಹವಾದರೋ ಇರುವುದು ಕೀಲಿಮಣೆಯ ಕೆಳಗಿನ ಸಂಗ್ರಹಭಾಗದಲ್ಲಿ. ನಾವು ತರಗತಿಯ ಪ್ರೊಜೆಕ್ಟರಿಗೆ ಎಚ್‌ಡಿಎಂಐ ಕೇಬಲ್ಲಿನಿಂದ ಸಂಪರ್ಕ ಕಲ್ಪಿಸಿ, ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿದೆವು. ಪರದೆಯ ಬಲಬದಿಯಲ್ಲಿ ಮೂಡಿದ ಪಟ್ಟಿಯಿಂದ ಎರಡೂ ಕಡೆ ಒಂದೇ ಚಿತ್ರ ತೋರಿಸುವ ಸೂಚನೆಯನ್ನು ಆರಿಸಿದೆವು. ಮರುಕ್ಷಣ ಪ್ರಬಂಧ ಗೋಡೆಯ ಮೇಲೆ ಬೆಳಗಿತು! ಕೂಡಲೇ ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡೆವು.

ವಾಚಕರು ನೆನಪಿಡತಕ್ಕ ಕೆಲವು ಮಾತುಗಳಿವೆ. ಬಿರುಕನ್ನು ಒತ್ತಕೂಡದು, ಪಾರದರ್ಶಕ ಟೇಪು ಅಂಟಿಸಿದರೆ ಗಾಜಿನ ಚೂರು ಕೈಗೆ ತಾಗದು. ದ್ರವ ತಾಗಿದರೆ ಸೋಪಿನಿಂದ ತೊಳೆಯಬೇಕು. ಪರದೆ ಒಡೆಯದೆ ಕತ್ತಲಾಗಿದ್ದರೆ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಿರಿ. ಮಸುಕಾಗಿ ಚಿತ್ರ ಕಂಡರೆ ದೋಷ ಹಿಂಬದಿಯ ದೀಪದ ವ್ಯವಸ್ಥೆಯದು. ಮುಚ್ಚಳವನ್ನು ಅಲುಗಿಸಿದಾಗ ಚಿತ್ರ ಬಂದುಹೋಗುತ್ತಿದ್ದರೆ ಕೇಬಲ್ಲು ಸಡಿಲವಾಗಿರಬಹುದು. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿನಿಂದ ಟಕಟಕ ಸದ್ದು ಬಂದರೆ ಮಾತ್ರ ಒಡನೆಯೇ ಯಂತ್ರವನ್ನು ಆರಿಸಿ ತಜ್ಞರಿಗೆ ಒಪ್ಪಿಸಬೇಕು.

ಒಡೆದ ಗಾಜನ್ನು ಯಾವ ಅಂಟೂ ಸರಿಪಡಿಸಲಾರದು, ಪರದೆಯನ್ನೇ ಬದಲಿಸಬೇಕು. ಹಳೆಯದರ ಬೆನ್ನಿನ ಮೇಲಿರುವ ಸಂಖ್ಯೆ, ಅಳತೆ, ಪಿನ್ನುಗಳ ಎಣಿಕೆ ಹೊಸದಕ್ಕೆ ಹೊಂದತಕ್ಕದ್ದು. ಬಿಚ್ಚುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು.

ನಮ್ಮ ವಿದ್ಯಾರ್ಥಿ ಪ್ರಬಂಧವನ್ನು ಸಕಾಲದಲ್ಲಿ ಒಪ್ಪಿಸಿದನು. ಪರದೆಯನ್ನು ಬದಲಿಸಿದುದು ಮುಂದಿನ ತಿಂಗಳು. ಎರಡನೆಯ ಪ್ರತಿ ಇಡುವ ಅಭ್ಯಾಸ ಅಂದೇ ಆರಂಭವಾಯಿತು.