ಮೇಷ್ಟ್ರು 'ಜಂಕ್' ಅಂದ ಜಾಗದಲ್ಲೇ ಮದ್ದಿತ್ತು

ಪಿಯುಸಿಯಲ್ಲಿ ನಮ್ಮ ಬಯಾಲಜಿ ಮೇಷ್ಟ್ರು ಮನುಷ್ಯನ ಡಿಎನ್‌ಎಯ ಸುಮಾರು ಶೇ. 98 ಭಾಗವನ್ನು ಒಂದೇ ಮಾತಲ್ಲಿ ಮುಗಿಸಿದ್ರು: "ಅದೆಲ್ಲ ಜಂಕ್, ಪರೀಕ್ಷೆಗೆ ಬರಲ್ಲ." ಪ್ರೋಟೀನ್ ತಯಾರಿಸುವ ಸೂಚನೆ ಇರೋದು ಉಳಿದ ಚೂರಿನಲ್ಲಿ ಮಾತ್ರ, ನಿಜ. ಆದರೆ ಅನುಮತಿ ಪಡೆದ ಮೊದಲ ಕ್ರಿಸ್ಪರ್ ಚಿಕಿತ್ಸೆ ಕತ್ತರಿ ಹಾಕೋದು ಆ 'ಜಂಕ್'ಗೇ.

ಕಾಯಿಲೆ ಸಿಕಲ್ ಸೆಲ್ ರಕ್ತಹೀನತೆ. ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತೆ; ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾಗದ ನೋವು ಕೊಡುತ್ತೆ. ಆ ಅಕ್ಷರವನ್ನೇ ತಿದ್ದಬಹುದಲ್ವಾ ಅಂತ ನಾನೂ ಅಂದುಕೊಂಡಿದ್ದೆ. ವಿಜ್ಞಾನಿಗಳು ಹಿಡಿದದ್ದು ಬೇರೆ ದಾರಿ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮಗೆಲ್ಲ ಇನ್ನೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತೆ. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ತಯಾರಿಯನ್ನು ಬಿಸಿಎಲ್11ಎ ಅನ್ನೋ ಪ್ರೋಟೀನ್ ಬಹುಪಾಲು ನಿಲ್ಲಿಸುತ್ತೆ. ಈ ಪ್ರೋಟೀನನ್ನು ತಡೆದರೆ ಹಳೆಯ ಹಿಮೋಗ್ಲೋಬಿನ್ ಮರಳುತ್ತೆ, ಕಣ ಬಾಗೋದು ತಪ್ಪುತ್ತೆ. ತೊಡಕೇನಂದ್ರೆ, ರಕ್ತದ ಆಕರಕೋಶಗಳಿಗೂ ರೋಗನಿರೋಧಕ ಕಣಗಳಿಗೂ ಅದೇ ಪ್ರೋಟೀನ್ ಬೇಕು. ಇಡೀ ಜೀನನ್ನು ಕೆಡಿಸೋ ಹಾಗಿಲ್ಲ.

ಆ ಜೀನಿನ ಒಳಗೇ ಪ್ರೋಟೀನ್ ಸೂಚನೆ ಇಲ್ಲದ ಒಂದು ತುಣುಕಿದೆ, ಎನ್‌ಹ್ಯಾನ್ಸರ್. ಮನೆಯ ಮೇನ್ ಸ್ವಿಚ್ ಅಲ್ಲ, ಒಂದು ಕೋಣೆಯ ಸ್ವಿಚ್ ಅಂದುಕೊಳ್ಳಿ: ಕೆಂಪುಕಣ ತಯಾರಾಗುವ ಕೋಶಗಳಲ್ಲಷ್ಟೇ ಅದರ ಕೆಲಸ. ಹಾರ್ವರ್ಡ್‌ನ ಸ್ಟುವರ್ಟ್ ಆರ್ಕಿನ್ ಅವರ ತಂಡ 2013ರಲ್ಲಿ ಇದನ್ನು ಗುರುತಿಸಿತು. ರೋಗಿಯ ಆಕರಕೋಶ ಹೊರತೆಗೆದು, ಆ ಸ್ವಿಚ್ ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸೋದೇ ಕ್ಯಾಸ್‌ಜೆವಿ. ಟ್ರಯಲ್‌ನಲ್ಲಿ ಲೆಕ್ಕಕ್ಕೆ ಹಿಡಿದ 31 ಮಂದಿಯಲ್ಲಿ 29 ಮಂದಿ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಇಲ್ಲದೆ ಕಳೆದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಅಲ್ಲಿ ಬೆಲೆ 22 ಲಕ್ಷ ಡಾಲರ್. ಅಂದ್ರೆ 18 ಕೋಟಿ ರೂಪಾಯಿಗೂ ಹೆಚ್ಚು! ಜೊತೆಗೆ ಹಳೆಯ ಅಸ್ಥಿಮಜ್ಜೆ ಖಾಲಿ ಮಾಡಲು ಕಠಿಣ ಕಿಮೋಥೆರಪಿ, ವಾರಗಟ್ಟಲೆ ಆಸ್ಪತ್ರೆ ವಾಸ.

ನಮ್ಮ ದೇಶದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಡ್ತಿರೋದು ಆದಿವಾಸಿಗಳನ್ನು. ಚಾಮರಾಜನಗರದ ಸೋಲಿಗರ ಹಾಡಿಗಳಲ್ಲೂ ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಶುರು ಮಾಡಿದ ಮಿಷನ್ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಸರಿ, ತಪಾಸಣೆ ಮಾಡಿ ಕಾರ್ಡ್ ಕೊಟ್ಟ ಮೇಲೆ? ಹೈಡ್ರಾಕ್ಸಿಯೂರಿಯಾ ಅನ್ನೋ ಅಗ್ಗದ, ಹಳೇ ಔಷಧವೂ ಅದೇ ಹಿಮೋಗ್ಲೋಬಿನನ್ನು ಹೆಚ್ಚಿಸುತ್ತೆ. ಕಾಯಿಲೆ ವಾಸಿ ಮಾಡಲ್ಲ, ಆದರೆ ನೋವಿನ ಬಾಧೆ ಕಡಿಮೆ ಮಾಡುತ್ತೆ. ದಿನಾ ತಗೋಬೇಕು, ಆಗಾಗ ರಕ್ತಪರೀಕ್ಷೆ ಆಗಬೇಕು. ಕ್ರಿಸ್ಪರ್ ಯಾವಾಗ ಬರುತ್ತೆ ಅಂತ ಕೇಳೋ ಮೊದಲು ನಾನು ಕೇಳೋದು ಇಷ್ಟು: ಹಾಡಿಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಈ ಔಷಧ ಪ್ರತಿ ತಿಂಗಳೂ ತಪ್ಪದೆ ಸಿಗುತ್ತಾ?