ಹತ್ತಕ್ಕೆ ಎರಡು ಹಣ್ಣು, ಒಂದು ಕಡ್ಡಿ ದವನ

ತಿಪಟೂರು ಕಡೆಯ ಹಳ್ಳಿಯೊಂದರಲ್ಲಿ ಚೈತ್ರದ ತೇರು. ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಬೆಂಡು ಬತ್ತಾಸು, ಬಳೆ, ಪೀಪಿಗಳ ಅಂಗಡಿಸಾಲು ಮುಗಿಯುವಲ್ಲಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕಾಂಪೌಂಡಿಗೆ ಒರಗಿ ಮಕ್ಕಳ ಸಂತೆ ಕೂತಿದೆ. ತರಗತಿಯ ಬೆಂಚುಗಳೇ ಗಲ್ಲಾಪೆಟ್ಟಿಗೆಯ ಕಟ್ಟೆ.

ಮಕ್ಕಳ ಸಂತೆ ನಮ್ಮ ಶಾಲೆಗಳಿಗೆ ಹೊಸದಲ್ಲ. ಸಾಮಾನ್ಯವಾಗಿ ಅದು ಶಾಲೆಯ ಅಂಗಳದಲ್ಲೇ ನಡೆದು, ಹೆತ್ತವರೇ ಕೊಂಡು, ಮೇಷ್ಟ್ರೇ ಚಪ್ಪಾಳೆ ತಟ್ಟಿ ಮುಗಿದುಹೋಗುತ್ತದೆ. ಜಾತ್ರೆಗೆ ಇಳಿದರೆ ಹಾಗಲ್ಲ. ಪಕ್ಕದಲ್ಲಿ ನುರಿತ ವ್ಯಾಪಾರಿ ಕೂತಿರುತ್ತಾನೆ. ಗಿರಾಕಿಗೆ ‘ಪಾಪ, ಮಗು’ ಅನ್ನುವ ಕರುಣೆ ಚೌಕಾಸಿ ಶುರುವಾಗುವ ತನಕ ಮಾತ್ರ.

ಸರಕು ಊರಿನ ಅಂಗಡಿಯವರದು. ಬಾಳೆಮಂಡಿಯವರು ಏಲಕ್ಕಿ ಗೊನೆಗಳನ್ನು ಇಳಿಸಿ ಹೋಗಿದ್ದಾರೆ. ಸಂಜೆ ಅಸಲು ಕೊಟ್ಟರಾಯಿತು, ಮಿಕ್ಕ ಚಿಪ್ಪು ವಾಪಸು. ದವನಕ್ಕೆ ಆ ಕರಾರಿಲ್ಲ, ಬಾಡಿದರೆ ಲುಕ್ಸಾನು ಮಕ್ಕಳದೇ. ಪುರಿಭಟ್ಟಿಯವರು ಮೂಟೆಯ ಜೊತೆಗೆ ಅಳತೆಯ ಡಬ್ಬವನ್ನೂ ಕೊಟ್ಟಿದ್ದಾರೆ. ದೇಶಕ್ಕೆ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಆದರೇನು, ರುಮಾಲು ಸುತ್ತಿದ ಅಜ್ಜ ಬಂದು “ಎರಡು ಸೇರು ಹಾಕು ಮಗಾ” ಅನ್ನುತ್ತಾನೆ. ಲೀಟರಿನ ಡಬ್ಬ ಹಿಡಿದ ಆರನೇ ತರಗತಿಯ ಹುಡುಗ ಪಕ್ಕದಂಗಡಿಯವನ ಮುಖ ನೋಡುತ್ತಾನೆ. ಅವನು ಸುಮ್ಮನೆ ಎರಡು ಬೆರಳೆತ್ತುತ್ತಾನೆ. ಪುರಿ ಅಜ್ಜನ ಚೀಲಕ್ಕೆ ಸುರಿಯುತ್ತದೆ.

ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ದಾನಿಗಳು ಕೈಮುಗಿದಿದ್ದಾರೆ. ಒಬ್ಬೊಬ್ಬರ ಮೀಸೆಯೂ ಕೆಳಗೆ ಕೂತ ಮಕ್ಕಳ ಮೊಳದಷ್ಟು. ಅವರು ಹಾಕಿಸಿದ ಶಾಮಿಯಾನದ ನೆರಳು ಹಿತವಾಗಿದೆ, ಇಲ್ಲವೆನ್ನಲಾರೆ. ಆದರೂ ಫ್ಲೆಕ್ಸಿಗೆ ಏರದ ದಿನಸಿ ಅಂಗಡಿಯವರ ಕೊಡುಗೆಯೇ ನನಗೆ ದೊಡ್ಡದಾಗಿ ಕಂಡಿತು: ಬಿಸ್ಕತ್ ಡಬ್ಬದ ತುಂಬ ಚಿಲ್ಲರೆ, ಮತ್ತು ಅವರ ಅಂಗಡಿಯ ಕ್ಯೂಆರ್ ಕೋಡಿನ ಹಲಗೆ. ಗಿರಾಕಿ ಇಲ್ಲಿ ಸ್ಕ್ಯಾನ್ ಮಾಡಿದರೆ ಹಣ ಬಂತೆಂದು ಪೆಟ್ಟಿಗೆ ಕೂಗುವುದು ರಸ್ತೆಯಾಚೆ ಅವರ ಅಂಗಡಿಯಲ್ಲಿ. ತಮಟೆಯ ಗದ್ದಲದಲ್ಲಿ ಈಚೆಗೆ ಏನೂ ಕೇಳಿಸದು. ಅದಕ್ಕೇ ನಾಲ್ಕನೆಯ ತರಗತಿಯ ಹುಡುಗನೊಬ್ಬ ಅಲ್ಲಿ ಕಾವಲು. ಪೆಟ್ಟಿಗೆ “ಇಪ್ಪತ್ತು ರೂಪಾಯಿ” ಎಂದೊಡನೆ ಗಲ್ಲಾದಿಂದ ನೋಟು ಈಸಿಕೊಂಡು ಓಡಿಬರುತ್ತಾನೆ. ಅವನು ಬರುವ ತನಕ ಗಿರಾಕಿ ಕದಲುವಂತಿಲ್ಲ!

ಮಧ್ಯಾಹ್ನ ತೇರಿನ ಮಿಣಿಗೆ ಜನ ಕೈಹಾಕಿದ್ದೇ ತಡ, ಸಂತೆಗೆ ಜೀವ ಬಂತು. ತೇರಿಗೆ ಎಸೆಯಲು ಎಲ್ಲರಿಗೂ ಆಗಲೇ ಹಣ್ಣು ಬೇಕು, ದವನ ಬೇಕು.

“ಹತ್ತಕ್ಕೆ ಎರಡು ಹಣ್ಣು, ಒಂದು ಕಡ್ಡಿ ದವನ!” ಏಳನೆಯ ತರಗತಿಯ ಹುಡುಗಿ ಬೆಂಚು ಹತ್ತಿ ನಿಂತಿದ್ದಾಳೆ.

“ಹೋದ್ವರ್ಸ ಐದಕ್ಕೆ ಕೊಟ್ರಲ್ಲವ್ವಾ?”

“ಮಂಡೀಲೇ ಜಾಸ್ತಿ ಆಗೈತಜ್ಜಿ. ತೇರು ಹೊಂಟೋಯ್ತದೆ, ಬಿರ್ನೆ ಹೇಳಿ.”

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಚಕ್ರ ಉರುಳಿತು, ಹಣ್ಣು ಹಾರಿದವು, ಕಳಸಕ್ಕೆ ಗುರಿಯಿಟ್ಟದ್ದು ಯಾರದೋ ಬೋಳುತಲೆಗೆ ಬಡಿಯಿತು. ಬೀದಿಯಿಡೀ ದವನದ ಘಮ.

ತೇರು ನೆಲೆ ಸೇರಿದ ಮೇಲೆ ದವನ ಕೇಳುವವರಿಲ್ಲ. ಹುಡುಗಿ ಐದಕ್ಕಿಳಿದಳು, ಎರಡಕ್ಕಿಳಿದಳು, ಕೊನೆಗೆ ಹಣ್ಣು ಕೊಂಡವರಿಗೆ ಪುಕ್ಕಟೆ ಕೊಟ್ಟಳು. ನೋಟುಬುಕ್ಕಿನ ಕೊನೇ ಹಾಳೆಯಲ್ಲಿ ‘ದವನ: ನಷ್ಟ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ಮೇಷ್ಟ್ರು ಇಣುಕಿ ನೋಡಿ ಸುಮ್ಮನಾದರು. ಒಳ್ಳೆಯದೇ ಮಾಡಿದರು.

ಸಂಜೆ ಮಂಡಿಯವರು ಲೆಕ್ಕಕ್ಕೆ ಬಂದರು. ಮಿಕ್ಕ ಚಿಪ್ಪು ಎಣಿಸಿ, ಅಸಲು ಹೇಳಿದರು. ಹುಡುಗಿ ಬೆಂಚಿನಡಿಯಿಂದ ಪ್ಲಾಸ್ಟಿಕ್ ಬುಟ್ಟಿ ಎಳೆದಳು.

“ಇವು ಹತ್ತು ಹಣ್ಣು ಬರುವಾಗ್ಲೇ ಕೊಳ್ತಿದ್ವು ಸಾವ್ಕಾರ್ರೇ, ಅಸಲಲ್ಲಿ ಕಳೀರಿ.”

“ಬಿಸಿಲಿಗಿಟ್ಟು ಕೊಳೆಸಿದ್ದೀಯ ಕಣಮ್ಮಾ.”

“ಇಲ್ಲ, ಹಣ್ಣಿನ ತೊಟ್ಟು ನೋಡಿ.”

ತೊಟ್ಟು ನೋಡಿದರು. ಆರಕ್ಕೆ ಒಪ್ಪಿದರು. ಅವಳು ಎಂಟಕ್ಕೆ ನಿಂತಳು.